ಉತ್ತರದ ದೇವರ ಹೆಸರು, ದಕ್ಷಿಣಕ್ಕೆ ಮುಖ

ಜಪಾನಿನ ಹ್ಯೋಗೊ ಪ್ರಾಂತ್ಯದ ಉತ್ತರದ ಅಂಚಿನಲ್ಲಿ, ಸಮುದ್ರ ಸೇರಲು ಕೆಲವೇ ಮೈಲಿ ಉಳಿದಿರುವಾಗ, ಮರುಯಾಮಾ ನದಿ ಹರಿಯುವುದನ್ನೇ ಮರೆತಂತೆ ಅಗಲಕ್ಕೆ ಹರಡಿಕೊಳ್ಳುತ್ತದೆ. ನದಿಯ ಪಶ್ಚಿಮ ದಡಕ್ಕೆ ಅಂಟಿಕೊಂಡೇ ಸಾನಿನ್ ರೈಲುಮಾರ್ಗ ಸಾಗುತ್ತದೆ. ಅಲ್ಲೊಂದು ಪುಟ್ಟ ನಿಲ್ದಾಣವಿದೆ, ಹೆಸರು ಗೆಂಬುದೊ. ವೇಗದ ರೈಲುಗಳು ಇಲ್ಲಿ ನಿಲ್ಲುವುದಿಲ್ಲ. ನಿಂತ ಪ್ಯಾಸೆಂಜರ್ ಗಾಡಿಯಿಂದ ಇಳಿದವರಿಗೂ ತಾವು ನೋಡಲು ಬಂದ ಗೆಂಬುದೊ ಗುಹೆ ಆ ದಡದಲ್ಲಿದೆ, ತಾವು ಈ ದಡದಲ್ಲಿದ್ದೇವೆ ಎಂಬುದು ಇಳಿದ ಮೇಲೆಯೇ ಹೊಳೆಯುವುದು. ಹತ್ತಿರದಲ್ಲೆಲ್ಲೂ ಸೇತುವೆ ಇಲ್ಲ. ಮೊದಲೇ ಹೇಳಿಟ್ಟಿದ್ದರೆ ದೋಣಿ ಬಂದು ದಾಟಿಸುತ್ತದೆ. ಇಲ್ಲದಿದ್ದರೆ ಟೊಯೋಕಾ ಪಟ್ಟಣದ ಕಡೆಯಿಂದಲೋ ಕಿನೊಸಾಕಿಯ ಕಡೆಯಿಂದಲೋ ರಸ್ತೆಯಲ್ಲಿ ಸುತ್ತಿಕೊಂಡು ಬರಬೇಕು.

ದೋಣಿಯಲ್ಲಿ ಬರುವುದೇ ಚೆಂದ, ಏಕೆಂದರೆ ಈ ಜಾಗದ ಕಥೆಯಲ್ಲಿ ಬಹುಪಾಲು ನಡೆದಿರುವುದು ದೋಣಿಯ ಮೇಲೆಯೇ.

ದಡ ಹತ್ತಿ, ಟಿಕೆಟ್ ಕೊಂಡು, ಮರಗಳ ನಡುವಿನ ಮೆಟ್ಟಿಲು ಏರಿದರೆ ಗುಡ್ಡದ ಮೈ ಒಮ್ಮೆಲೇ ತೆರೆದುಕೊಳ್ಳುತ್ತದೆ. ಕಪ್ಪು ಕಲ್ಲಿನ ಕಂಬಗಳು, ಒಂದರ ಪಕ್ಕದಲ್ಲೊಂದು ಒತ್ತೊತ್ತಾಗಿ ನಿಂತಿವೆ. ಕಂಬಗಳಿಗೆ ಐದು ಮುಖ, ಆರು ಮುಖ, ಅಲ್ಲಲ್ಲಿ ಏಳು. ಕೆಲವು ನೆಟ್ಟಗೆ ನಿಂತಿದ್ದರೆ ಕೆಲವು ಬಾಗಿ ಬಳುಕಿ ಮೇಲೇರಿವೆ. ಇನ್ನೂ ಕೆಲವು ಪೂರ್ತಿ ಅಡ್ಡಲಾಗಿ ಮಲಗಿ, ತಮ್ಮ ಕಡಿದ ತುದಿಗಳನ್ನಷ್ಟೇ ನೋಡುಗರತ್ತ ಚಾಚಿವೆ. ಕಂಬಗಳ ಬುಡದಲ್ಲಿ ಕತ್ತಲೆಯ ಬಾಯಿಗಳು. ಒಳಕ್ಕೆ ಕಾಲಿಡಲು ಬಿಡುವುದಿಲ್ಲ, ಎದುರು ನಿಂತೇ ನೋಡಬೇಕು. ಇಂಥ ಗುಹೆಗಳು ಒಟ್ಟು ಐದು. ಗೆಂಬುದೊ ಎಲ್ಲಕ್ಕಿಂತ ಹೆಸರುವಾಸಿ. ಪಕ್ಕದ ಸೇರ್ಯುದೊ ಎಲ್ಲಕ್ಕಿಂತ ಸೊಗಸು ಎನ್ನಬೇಕು. ಮೂವತ್ತಕ್ಕೂ ಹೆಚ್ಚು ಮೀಟರ್ ಎತ್ತರದ ಅದರ ಗೋಡೆಯಲ್ಲಿ ಉದ್ದನೆಯ ಕಂಬಗಳು ಬಾಗುತ್ತ ಮೇಲೇಳುತ್ತವೆ, ಎದುರಿಗೆ ಕೊಳವಿದೆ. ಬ್ಯಾಕ್ಕೊದೊದಲ್ಲಿ ಕಂಬಗಳು ಅಡ್ಡ ಮಲಗಿವೆ. ಉತ್ತರ, ದಕ್ಷಿಣದ ಎರಡು ಸುಝಾಕುದೊಗಳು ಇವುಗಳ ಮುಂದೆ ಸ್ವಲ್ಪ ಸಪ್ಪೆ. ಆದರೂ ಭೂವಿಜ್ಞಾನ ಓದಿದವರು ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಪ್ರವಾಸಿ ಪುಸ್ತಿಕೆಗಳು ಇದನ್ನು ‘ಪ್ರಕೃತಿಯ ಶಿಲ್ಪ’ ಎಂದು ಕೊಂಡಾಡುತ್ತವೆ. ಅದು ಅರ್ಧ ಸತ್ಯ ಮಾತ್ರ. ಕಂಬಗಳನ್ನು ಮಾಡಿದ್ದು ಜ್ವಾಲಾಮುಖಿ. ಗುಹೆಗಳನ್ನು ಮಾಡಿದ್ದು ಮನುಷ್ಯರು. ಇವು ಕಲ್ಲುಗಣಿಗಳು.

ಸುಮಾರು 16 ಲಕ್ಷ ವರ್ಷಗಳ ಹಿಂದೆ ಇಲ್ಲಿನ ಗುಡ್ಡದಿಂದ ಲಾವಾ ಉಕ್ಕಿ ಹರಿಯಿತು. ಅದು ತಣಿದು ಕಲ್ಲಾಯಿತು, ಮೇಲೆ ಮಣ್ಣು ಕೂತು ಕಾಡು ಬೆಳೆಯಿತು. ಈಗಿನ ಟೊಯೋಕಾ ಬಯಲು ಸುಮಾರು ಆರು ಸಾವಿರ ವರ್ಷಗಳ ಹಿಂದೆ ಸಮುದ್ರ ಒಳನುಗ್ಗಿದ್ದ ಒಂದು ಕೊಲ್ಲಿ. ಆ ನೀರು ಗುಡ್ಡದ ಬುಡವನ್ನು ಕೊರೆದು ಕಂಬಗಳ ತುದಿಯನ್ನು ಹೊರಗೆ ಕಾಣಿಸಿತು. ಹಾಗೆ ಕಂಡ ಕಲ್ಲಿನ ಮೇಲೆ ಊರಿನವರ ಕಣ್ಣು ಬಿತ್ತು. ಈ ಕಲ್ಲನ್ನು ಸೀಳಲು ಸುತ್ತಿಗೆ, ಉಳಿಗಳ ದೊಡ್ಡ ಕಸರತ್ತು ಬೇಡ. ಕಂಬ ಕಂಬದ ನಡುವೆ ಮೊದಲೇ ಬಿರುಕಿದೆ, ಒಂದೊಂದು ಕಂಬದಲ್ಲೂ ಗೇಣು ಗೇಣಿಗೆ ಅಡ್ಡಬಿರುಕುಗಳಿವೆ. ಹಾರೆ ಹಾಕಿ ಮೀಟಿದರೆ ಹದವಾದ ತುಂಡು ಕೈಗೆ ಬರುತ್ತದೆ. ಕೆಳಗೆ ನದಿ ಸಿದ್ಧವಾಗಿದೆ, ದೋಣಿಗೆ ಹೇರಿದರೆ ಸಾಕು.

ಹೀಗೆ ಹೋದ ಕಲ್ಲು ಗದ್ದೆಯ ಬದುವಿಗೆ, ಮನೆಯ ಪಾಯಕ್ಕೆ, ಕಾಂಪೌಂಡಿಗೆ, ಕೈತೋಟಕ್ಕೆ ಸೇರಿತು. ಅಡುಗೆಮನೆಗೂ ಹೊಕ್ಕಿತು. ಜಪಾನಿ ಮನೆಗಳಲ್ಲಿ ಮೂಲಂಗಿ, ಎಲೆಕೋಸುಗಳಿಗೆ ಉಪ್ಪು ಹಾಕಿ ಮರದ ಪೀಪಾಯಿಯಲ್ಲಿ ಒತ್ತಿಡುವಾಗ ಮುಚ್ಚಳದ ಮೇಲೆ ಭಾರದ ಕಲ್ಲು ಹೇರುತ್ತಾರೆ. ಗಾತ್ರಕ್ಕೆ ಮೀರಿದ ತೂಕವುಳ್ಳ ಈ ಕಪ್ಪುಕಲ್ಲು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅಂದರೆ ಇಂದು ಪ್ರವಾಸಿಗರು ಬೆರಗಾಗಿ ಫೋಟೊ ತೆಗೆಯುವ ಆ ಕತ್ತಲ ಬಾಯಿಗಳಲ್ಲಿ ಒಂದಿಷ್ಟು ಭಾಗ, ತಲೆಮಾರುಗಳ ಹಿಂದೆ ಉಪ್ಪಿನಕಾಯಿ ಪೀಪಾಯಿಗಳ ಮೇಲೆ ಕೂತು ಹೋಗಿದೆ. ಗಣಿಗಾರಿಕೆ ಗುಡ್ಡವನ್ನು ಹಾಳು ಮಾಡಿತು ಎಂದು ಮುನಿಸಿಕೊಳ್ಳುವುದು ಸುಲಭ. ಆದರೆ ಅವರು ಅಗೆಯದಿದ್ದರೆ ಒಳಗಿನ ಈ ಕಂಬಸಾಲು ಕಾಡಿನಡಿಯಲ್ಲೇ ಮುಚ್ಚಿಹೋಗಿರುತ್ತಿತ್ತು, ಯಾರೂ ನೋಡಲು ಬರುತ್ತಿರಲಿಲ್ಲ.

ಹೆಸರಿಟ್ಟಿದ್ದು ಒಬ್ಬ ಪಂಡಿತ. 1807ರಲ್ಲಿ ಇಲ್ಲಿಗೆ ಬಂದ ಕನ್‌ಫ್ಯೂಷಿಯನ್ ವಿದ್ವಾಂಸ ಶಿಬಾನೊ ರಿತ್ಸುಜಾನ್, ಕಂಬಗಳ ಆರುಮೂಲೆಯ ತುದಿಗಳನ್ನು ಕಂಡು ಗೆಂಬುವನ್ನು ನೆನೆದ. ಚೀನಾದಿಂದ ಬಂದ ಪುರಾಣದಲ್ಲಿ ನಾಲ್ಕು ದಿಕ್ಕಿಗೆ ನಾಲ್ವರು ಕಾವಲುಗಾರರು. ಪೂರ್ವಕ್ಕೆ ನೀಲಿ ಡ್ರ್ಯಾಗನ್ ಸೇರ್ಯು, ಪಶ್ಚಿಮಕ್ಕೆ ಬಿಳಿ ಹುಲಿ ಬ್ಯಾಕ್ಕೊ, ದಕ್ಷಿಣಕ್ಕೆ ಕೆಂಪು ಹಕ್ಕಿ ಸುಝಾಕು, ಉತ್ತರಕ್ಕೆ ಹಾವು ಸುತ್ತಿಕೊಂಡ ಕಪ್ಪು ಆಮೆ ಗೆಂಬು. ಉಳಿದ ಗುಹೆಗಳಿಗೂ ಇದೇ ಸಾಲಿನಿಂದ ಹೆಸರು ಬಂತು. ಮುಂದೆ 1884ರಲ್ಲಿ ಭೂವಿಜ್ಞಾನಿ ಕೊತೊ ಬುಂಜಿರೊ ಪಾಶ್ಚಾತ್ಯ ಶಿಲಾಶಾಸ್ತ್ರಕ್ಕೆ ಜಪಾನಿ ಪದಗಳನ್ನು ಕಟ್ಟುವಾಗ, ಬಸಾಲ್ಟ್ ಶಿಲೆಗೆ ಈ ಗುಹೆಯ ಹೆಸರನ್ನೇ ಕೊಟ್ಟ. ಜಪಾನಿನ ಶಾಲಾಮಕ್ಕಳು ಇಂದಿಗೂ ಬಸಾಲ್ಟನ್ನು ‘ಗೆಂಬುಗಾನ್’ ಎಂದೇ ಕಲಿಯುತ್ತಾರೆ. ಉತ್ತರ ದಿಕ್ಕನ್ನು ಕಾಯುವ ದೇವರ ಹೆಸರು ಈ ಕಲ್ಲಿಗೆ ಎಷ್ಟು ವಿಪರೀತವಾಗಿ ಒಗ್ಗಿತ್ತು ಎಂಬುದು ಗೊತ್ತಾಗಲು ಇನ್ನೂ ನಲವತ್ತು ವರ್ಷ ಬೇಕಿತ್ತು.

ಅದಕ್ಕೆ ಮೊದಲು, ಈ ಕಂಬಗಳಾದರೂ ಆಗುವುದು ಹೇಗೆ?

ಬೇಸಿಗೆಯಲ್ಲಿ ವಿಜಯಪುರ, ಕಲಬುರಗಿ ಕಡೆಯ ಎರೆಹೊಲಗಳಲ್ಲಿ ನಡೆದಾಡಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನೀರು ಆರಿದಂತೆ ಎರೆಮಣ್ಣು ಕುಗ್ಗುತ್ತದೆ. ಕೆಳಗಿನ ಹಸಿಮಣ್ಣು ಜಗ್ಗುವುದಿಲ್ಲ, ಮೇಲಿನದು ಬಿರಿಯಲೇಬೇಕು. ಬಿರುಕು ಬಲೆಬಲೆಯಾಗಿ ಹರಡುತ್ತದೆ. ಲಾವಾದಲ್ಲಿ ಆಗುವುದೂ ಕುಗ್ಗುವಿಕೆಯೇ, ಆದರೆ ಆರುವುದು ನೀರಲ್ಲ, ಬಿಸಿ. ಸಾವಿರ ಡಿಗ್ರಿ ಮೀರಿದ ಲಾವಾದ ಮೇಲ್ಮೈ ಗಾಳಿಗೆ, ತಳ ನೆಲಕ್ಕೆ ತಗುಲಿ ಮೊದಲು ಗಟ್ಟಿಯಾಗುತ್ತವೆ. ಕುಗ್ಗುವ ಕಲ್ಲು ಎಲ್ಲ ಕಡೆಯಿಂದ ಒಂದೇ ಸಮ ಎಳೆದಾಡಿ ಬಿರಿಯುತ್ತದೆ. ಒಳಗಿನ ಬಿಸಿ ಹಿಮ್ಮೆಟ್ಟಿದಂತೆ ಆ ಬಿರುಕುಗಳೂ ಅದರ ಹಿಂದೆಯೇ ಒಳಕ್ಕೆ ಇಳಿಯುತ್ತವೆ. ಮೊದಮೊದಲು ಬಿರುಕುಗಳು ಒಂದನ್ನೊಂದು ಅಡ್ಡಾದಿಡ್ಡಿ ಕೂಡುತ್ತವೆ. ಇಳಿಯುತ್ತ ಇಳಿಯುತ್ತ ತಿದ್ದಿಕೊಂಡು, ಮೂರು ಬಿರುಕುಗಳು ಸರಿಸುಮಾರು 120 ಡಿಗ್ರಿಯಲ್ಲಿ ಸಂಧಿಸುವ ಸ್ಥಿತಿಗೆ ಬರುತ್ತವೆ. ಎಲ್ಲ ಮೂಲೆಗಳೂ ಹಾಗಾದರೆ ಉಳಿಯುವುದು ಷಟ್ಕೋನ. ಎರೆಹೊಲದ ಬಿರುಕಿಗೆ ಹೀಗೆ ತಿದ್ದಿಕೊಳ್ಳುವಷ್ಟು ಆಳವೂ ವ್ಯವಧಾನವೂ ಸಿಗುವುದಿಲ್ಲ, ಮಳೆ ಬಂದು ಮುಚ್ಚಿಬಿಡುತ್ತದೆ.

ಬಿರುಕು ಒಂದೇ ಓಟದಲ್ಲಿ ಒಳಗೆ ಹೋಗುವುದೂ ಇಲ್ಲ. ಸ್ವಲ್ಪ ಇಳಿದು, ನಿಂತು, ಇನ್ನಷ್ಟು ತಣಿದ ಮೇಲೆ ಮತ್ತೆ ಸ್ವಲ್ಪ. ಪ್ರತಿ ನಿಲುಗಡೆಯೂ ಕಂಬದ ಮುಖದ ಮೇಲೆ ಒಂದು ಅಡ್ಡಗೆರೆಯಾಗಿ ಉಳಿಯುತ್ತದೆ. ಬೇಗ ತಣಿದಲ್ಲಿ ಕಂಬ ಸಣಕಲು, ನಿಧಾನವಾಗಿ ತಣಿದಲ್ಲಿ ದಪ್ಪ. ಕಂಬ ನಿಲ್ಲುವುದು ಯಾವಾಗಲೂ ತಣಿಯುವ ಮೈಗೆ ಲಂಬವಾಗಿ. ಹಾಗಾಗಿ ಸೇರ್ಯುದೊದ ಬಾಗಿದ ಕಂಬಗಳನ್ನು, ಬ್ಯಾಕ್ಕೊದೊದ ಮಲಗಿದ ಕಂಬಗಳನ್ನು ನೋಡಿದರೆ ಆ ಲಾವಾ ಯಾವ ಕಡೆಯಿಂದ ತಣಿಯಿತು ಎಂದು ಊಹಿಸಬಹುದು. ಇದನ್ನೆಲ್ಲ ಪರೀಕ್ಷಿಸಲು ವಿಜ್ಞಾನಿಗಳು ಹಿಡಿದ ದಾರಿ ತಮಾಷೆಯದು. ಲಾವಾ ತರುವುದೆಲ್ಲಿಂದ? ಜೋಳದ ಹಿಟ್ಟು ಸಾಕಲ್ಲ! ಮೆಕ್ಕೆಜೋಳದ ಪಿಷ್ಟವನ್ನು, ಅಂದರೆ ಕಾರ್ನ್‌ಫ್ಲೋರನ್ನು, ನೀರಿನಲ್ಲಿ ಕಲಸಿ ದೀಪದ ಕೆಳಗೆ ಒಣಗಿಸಿದರೆ ಅದರೊಳಗೂ ಇಂಥವೇ ಪುಟ್ಟ ಪುಟ್ಟ ಕಂಬಗಳು ಮೂಡುತ್ತವೆ. ಜರ್ಮನಿಯ ಗೆರ್ಹಾರ್ಡ್ ಮ್ಯೂಲರ್ 1998ರಲ್ಲಿ ಇದನ್ನು ಪ್ರಕಟಿಸಿದ ಮೇಲೆ, ಟೊರೊಂಟೊದ ಪ್ರಯೋಗಾಲಯ ಸೇರಿದಂತೆ ಹಲವೆಡೆ ಪಿಷ್ಟದ ಬಟ್ಟಲುಗಳು ಗಂಭೀರ ಭೌತವಿಜ್ಞಾನದ ಸಾಮಗ್ರಿಯಾದವು.

ಮತ್ತೆ ಗೆಂಬುದೊದ ಕಥೆಗೆ ಬರೋಣ. 1925ರ ಮೇ 23ರಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮಧ್ಯಾಹ್ನದ ಅಡುಗೆಗೆ ಒಲೆ ಹೊತ್ತಿಸುವ ವೇಳೆ, ಈ ಸೀಮೆ ನಡುಗಿತು. ಉತ್ತರ ತಾಜಿಮಾ ಭೂಕಂಪ ಎಂದು ಅದಕ್ಕೆ ಹೆಸರು. 400ಕ್ಕೂ ಹೆಚ್ಚು ಜನ ಸತ್ತರು. ಹತ್ತಿರದ ಬಿಸಿನೀರಿನ ಬುಗ್ಗೆಗಳ ಊರಾದ ಕಿನೊಸಾಕಿಯಲ್ಲಿ ಕುಸಿದ ಮನೆಗಳಿಗೆ ಬೆಂಕಿ ಹಿಡಿದು, ಊರಿಗೆ ಊರೇ ಸುಟ್ಟಿತು. ಗೆಂಬುದೊದಲ್ಲೂ ಕಂಬಗಳು ಕಳಚಿ ರಾಶಿ ಬಿದ್ದವು. ಊರು ಮತ್ತೆ ಕಟ್ಟುವವರು ಆ ಕಲ್ಲನ್ನು ನದಿಯಲ್ಲಿ ಸಾಗಿಸಿ, ಕಿನೊಸಾಕಿಯ ನಡುವೆ ಹರಿಯುವ ಒತಾನಿ ಹೊಳೆಯ ಎರಡೂ ದಡಕ್ಕೆ ಗೋಡೆ ಕಟ್ಟಿದರು. ಇಂದು ವಿಲೋ ಮರಗಳ ನೆರಳಿನಲ್ಲಿ, ಹತ್ತಿಯ ಯುಕಾತಾ ತೊಟ್ಟು ಮರದ ಗೆತಾ ಪಾದರಕ್ಷೆ ಟಕಟಕಿಸುತ್ತ ಒಂದು ಸ್ನಾನಗೃಹದಿಂದ ಇನ್ನೊಂದಕ್ಕೆ ಓಡಾಡುವ ಪ್ರವಾಸಿಗರು ಅಲ್ಲಿ ಸೇತುವೆಯಿಂದ ಕೆಳಗೆ ಬಗ್ಗಿ ನೋಡಿದರೆ, ಗೋಡೆಯಲ್ಲಿ ಷಟ್ಕೋನದ ಕಲ್ಲುಗಳು ಕಾಣುತ್ತವೆ.

ಮರುವರ್ಷ, 1926ರಲ್ಲಿ, ಇದೇ ಗುಹೆಯ ಕಲ್ಲು ಕ್ಯೋಟೊಗೂ ಹೋಯಿತು. ಈ ಬಾರಿ ಒಯ್ದವರು ಕಲ್ಲುಕುಟಿಗರಲ್ಲ, ಕ್ಯೋಟೊ ಇಂಪೀರಿಯಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮತ್ಸುಯಾಮಾ ಮೊತೊನೊರಿ.

ಮತ್ಸುಯಾಮಾ ಅವರಿಗೆ ಬೇಕಿದ್ದದ್ದು ಕಲ್ಲಿನ ಅಂದವಲ್ಲ, ಅದರೊಳಗಿನ ದಿಕ್ಕು. ಬಸಾಲ್ಟಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಸಣ್ಣ ಕಣಗಳಿರುತ್ತವೆ. ಲಾವಾ ಕುದಿಯುವಾಗ ಅವಕ್ಕೆ ಕಾಂತಗುಣವಿಲ್ಲ. ಕಲ್ಲು ಗಟ್ಟಿಯಾಗಿ, ಕಂಬಗಳಾಗಿ ಬಿರಿದು, ಇನ್ನೂ ತಣಿದು ಸುಮಾರು 580 ಡಿಗ್ರಿಗಿಂತ ಕೆಳಗಿಳಿದಾಗ ಕಣಗಳು ಕಾಂತವಾಗುತ್ತವೆ. ಆ ಗಳಿಗೆಯಲ್ಲಿ ಭೂಮಿಯ ಕಾಂತಕ್ಷೇತ್ರ ಯಾವ ಕಡೆಗಿತ್ತೋ ಆ ಕಡೆಗೆ ಮುಖ ಮಾಡಿ, ಹಾಗೆಯೇ ಉಳಿದುಬಿಡುತ್ತವೆ. ಕಲ್ಲನ್ನು ಗೋಡೆಯಿಂದ ಬಿಡಿಸುವ ಮುನ್ನ ಅದರ ಯಾವ ಮುಖ ಉತ್ತರಕ್ಕಿತ್ತು, ಯಾವುದು ಮೇಲಿತ್ತು ಎಂದು ಗುರುತು ಹಾಕಿ ತಂದರೆ, ಪ್ರಯೋಗಾಲಯದ ಸೂಕ್ಷ್ಮ ಕಾಂತಮಾಪಕದ ಮುಂದೆ ಹಿಡಿದು ಆ ಹಳೆಯ ದಿಕ್ಕನ್ನು ಓದಬಹುದು.

ಗೆಂಬುದೊ ಕಲ್ಲು ತೋರಿಸಿದ್ದು ದಕ್ಷಿಣವನ್ನು. ಉತ್ತರವನ್ನು ಕಾಯುವ ಆಮೆಯ ಮನೆಯಲ್ಲಿ ದಿಕ್ಸೂಚಿ ತಲೆಕೆಳಗಾಗಿತ್ತು.

ಒಂದು ಕಲ್ಲು ಹಾಗೆ ಹೇಳಿದರೆ ಅಳತೆಯ ತಪ್ಪು ಎನ್ನಬಹುದು. ಇಂಥ ಕಲ್ಲುಗಳು ಅದಕ್ಕೂ ಮೊದಲು ಕಂಡಿದ್ದವು. ಫ್ರಾನ್ಸಿನ ಬರ್ನಾರ್ಡ್ ಬ್ರೂನ್ 1906ರಲ್ಲಿ ಲಾವಾ ಮತ್ತು ಅದರಿಂದ ಸುಟ್ಟ ಜೇಡಿಮಣ್ಣು ಎರಡೂ ಉಲ್ಟಾ ಕಾಂತಗೊಂಡಿರುವುದನ್ನು ವರದಿ ಮಾಡಿದ್ದ. ಮತ್ಸುಯಾಮಾ ಮಾಡಿದ ಹೊಸ ಕೆಲಸ, ಕಲ್ಲಿನ ದಿಕ್ಕಿನ ಜೊತೆಗೆ ಅದರ ವಯಸ್ಸನ್ನೂ ಕೇಳಿದ್ದು. ಜಪಾನ್, ಕೊರಿಯಾ, ಮಂಚೂರಿಯಾಗಳ ಹತ್ತಾರು ಕಡೆಗಳಿಂದ ಬಸಾಲ್ಟ್ ತಂದು ಅಳೆದರು. ಭೂವಿಜ್ಞಾನದ ಲೆಕ್ಕದಲ್ಲಿ ಎಳೆಯದಾದ ಕಲ್ಲುಗಳು ಇಂದಿನ ಉತ್ತರವನ್ನು ತೋರಿಸಿದವು, ಅವಕ್ಕಿಂತ ಹಳೆಯವುಗಳಲ್ಲಿ ಒಂದು ಗುಂಪು ನೇರ ವಿರುದ್ಧ ದಿಕ್ಕನ್ನು. 1929ರಲ್ಲಿ ಇದನ್ನು ಪ್ರಕಟಿಸಿದ ಅವರು ಬಂದ ತೀರ್ಮಾನ, ಉಲ್ಟಾ ಆದದ್ದು ಕಲ್ಲಲ್ಲ, ಭೂಮಿಯ ಕಾಂತಕ್ಷೇತ್ರವೇ ಒಂದು ಕಾಲದಲ್ಲಿ ತಿರುಗಿ ನಿಂತಿತ್ತು ಎಂಬುದು.

ಜಗತ್ತು ಕಿವಿಗೊಡಲಿಲ್ಲ. ಭೂಮಿಯಷ್ಟು ದೊಡ್ಡ ಕಾಂತ ತಲೆಕೆಳಗಾಗುವುದು ಎಂದರೇನು? ಹಾಗೆ ಆಗಲು ಕಾರಣವೇನು? ಯಾರ ಬಳಿಯೂ ಉತ್ತರವಿರಲಿಲ್ಲ. ಮೇಲಾಗಿ 1951ರ ಹೊತ್ತಿಗೆ ಜಪಾನಿನ ಕಲ್ಲೇ ಎದುರು ಸಾಕ್ಷಿ ಹೇಳಿತು. ನಗಾತಾ ತಾಕೆಶಿ ಮತ್ತು ಸಂಗಡಿಗರು ಹರುನಾ ಜ್ವಾಲಾಮುಖಿಯ ಒಂದು ಬಗೆಯ ಶಿಲೆಯನ್ನು ಕಾಯಿಸಿ ತಣಿಸಿದಾಗ, ಅದು ಸುತ್ತಲಿನ ಕ್ಷೇತ್ರಕ್ಕೆ ವಿರುದ್ಧವಾಗಿ ತಾನಾಗಿಯೇ ಕಾಂತಗೊಂಡಿತು. ಕಲ್ಲೇ ಹೀಗೆ ತಿರುಗಿಬೀಳಬಲ್ಲದು ಎಂದಾದರೆ, ಪಾಪ, ಭೂಮಿಯನ್ನೇಕೆ ದೂರಬೇಕು? ವಾದ ಗಟ್ಟಿಯಾಗಿಯೇ ಇತ್ತು.

ತಗಾದೆ ಬಗೆಹರಿದದ್ದು ಕಲ್ಲಿನ ವಯಸ್ಸನ್ನು ಪೊಟ್ಯಾಸಿಯಂ–ಆರ್ಗಾನ್ ವಿಧಾನದಿಂದ ನಿಖರವಾಗಿ ಲೆಕ್ಕ ಹಾಕಲು ಬಂದ ಮೇಲೆ. ಅಮೆರಿಕದ ಅಲನ್ ಕಾಕ್ಸ್, ರಿಚರ್ಡ್ ಡೋಯೆಲ್, ಬ್ರೆಂಟ್ ಡಾಲ್ರಿಂಪಲ್ 1960ರ ದಶಕದ ಮೊದಲ ವರ್ಷಗಳಲ್ಲಿ ಬೇರೆ ಬೇರೆ ಕಡೆಯ ಲಾವಾಗಳನ್ನು ಸಾಲಾಗಿ ಜೋಡಿಸಿದರು. ಒಂದೇ ವಯಸ್ಸಿನ ಕಲ್ಲುಗಳು, ಅವು ಎಲ್ಲಿಯವೇ ಆಗಿರಲಿ, ಒಂದೇ ದಿಕ್ಕನ್ನು ಹೇಳುತ್ತಿದ್ದವು. ಒಂದೆರಡು ಕಲ್ಲು ಚೇಷ್ಟೆ ಮಾಡಬಹುದು, ಭೂಗೋಳದ ಎಲ್ಲ ಕಲ್ಲುಗಳೂ ಕೂಡಿ ಒಂದೇ ಕಾಲಕ್ಕೆ ಚೇಷ್ಟೆ ಮಾಡಲಾರವು. ಅವರು 1964ರಲ್ಲಿ ಆ ಕಾಲಘಟ್ಟಗಳಿಗೆ ಹೆಸರಿಟ್ಟಾಗ, ಈಗ ನಡೆಯುತ್ತಿರುವ ಕಾಲ ಬ್ರೂನ್ ಪಾಲಿಗೆ ಹೋಯಿತು. ಅದರ ಹಿಂದಿನ ಉಲ್ಟಾ ಕಾಲ, ಅಂದರೆ ಸುಮಾರು 25.8 ಲಕ್ಷ ವರ್ಷಗಳ ಹಿಂದಿನಿಂದ 7.7 ಲಕ್ಷ ವರ್ಷಗಳ ಹಿಂದಿನವರೆಗಿನದು, ಮತ್ಸುಯಾಮಾ ಹೆಸರು ಪಡೆಯಿತು. 16 ಲಕ್ಷ ವರ್ಷದ ಗೆಂಬುದೊ ಅದರ ನಟ್ಟನಡುವೆ ಬೀಳುತ್ತದೆ. ಗೌರವ ಸಂದಾಗ ಮತ್ಸುಯಾಮಾ ಇರಲಿಲ್ಲ. ಯಾಮಾಗುಚಿ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾಗಿದ್ದ ಅವರು 1958ರಲ್ಲೇ ತೀರಿಕೊಂಡಿದ್ದರು.

ಉಲ್ಟಾ ಆಗುವುದಕ್ಕೆ ಕಾರಣ ಭೂಮಿಯ ಒಡಲಲ್ಲಿದೆ. ಹೊರಗರ್ಭದಲ್ಲಿ ದ್ರವವಾಗಿ ಸುಳಿಯುವ ಕಬ್ಬಿಣವೇ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಆ ಸುಳಿ ಸ್ಥಿರವಲ್ಲ. ಆಗಾಗ ಕ್ಷೇತ್ರ ದುರ್ಬಲವಾಗಿ, ಗೊಂದಲಗೊಂಡು, ಸಾವಿರಾರು ವರ್ಷಗಳಲ್ಲಿ ಎದುರು ದಿಕ್ಕಿಗೆ ನೆಲೆ ನಿಲ್ಲುತ್ತದೆ. ಇದಕ್ಕೆ ಕಟ್ಟುನಿಟ್ಟಾದ ವೇಳಾಪಟ್ಟಿಯೂ ಇಲ್ಲ. ಕೊನೆಯ ಸಲ ಹೀಗಾದದ್ದರ ಗುರುತು ಟೋಕಿಯೊ ಸಮೀಪದ ಚಿಬಾ ಪ್ರಾಂತ್ಯದ ಇಚಿಹಾರಾದಲ್ಲಿ, ಯೊರೊ ನದಿಯ ದಂಡೆಯ ಕೆಸರುಪದರಗಳಲ್ಲಿ ಸ್ಪಷ್ಟವಾಗಿ ಸಿಕ್ಕಿತು. 2020ರ ಜನವರಿಯಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ ಆ ಪದರವನ್ನು ಆಧಾರವಾಗಿಟ್ಟು, 7,74,000 ವರ್ಷಗಳ ಹಿಂದೆ ಆರಂಭವಾಗುವ ಕಾಲಕ್ಕೆ ‘ಚಿಬಾನಿಯನ್’ ಎಂದು ಹೆಸರಿಟ್ಟಿತು.

ಗೆಂಬುದೊ 1931ರಲ್ಲಿ ರಾಷ್ಟ್ರೀಯ ನೈಸರ್ಗಿಕ ಸ್ಮಾರಕವಾಯಿತು. ಕಲ್ಲು ತೆಗೆಯುವುದು ನಿಂತಿತು. ಕ್ಯೋಟೊ, ಹ್ಯೋಗೊ, ತೊತ್ತೊರಿ ಪ್ರಾಂತ್ಯಗಳ ಕರಾವಳಿಯುದ್ದಕ್ಕೂ ಹಬ್ಬಿದ ಸಾನಿನ್ ಕೈಗನ್ ಜಿಯೊಪಾರ್ಕಿನಲ್ಲಿ ಅದೂ ಒಂದು ಭಾಗ. ಈ ಜಿಯೊಪಾರ್ಕ್ 2010ರಲ್ಲಿ ಜಾಗತಿಕ ಜಾಲಕ್ಕೆ ಸೇರಿತು, 2015ರಿಂದ ಯುನೆಸ್ಕೊ ಮುದ್ರೆಯೂ ಇದೆ. ಗುಹೆ ನೋಡಲು ಒಂದು ಗಂಟೆ ಸಾಕು. ಉಳಿದ ಹೊತ್ತಿಗೆ ಕಿನೊಸಾಕಿಯ ಏಳು ಸಾರ್ವಜನಿಕ ಸ್ನಾನಗೃಹಗಳಿವೆ. ಟೊಯೋಕಾ ಬಯಲಿನ ಗದ್ದೆಗಳಲ್ಲಿ ದೊಡ್ಡ ಬಿಳಿ ಕೊಕ್ಕರೆಗಳು ಮೇಯುತ್ತವೆ. ಜಪಾನಿನ ಕಾಡುಕೊಕ್ಕರೆಗಳಲ್ಲಿ ಕೊನೆಯದು 1971ರಲ್ಲಿ ಇಲ್ಲೇ ಸತ್ತಿತ್ತು, ಸಾಕಿ ಬೆಳೆಸಿದ ಹಕ್ಕಿಗಳನ್ನು 2005ರಿಂದ ಮತ್ತೆ ಬಯಲಿಗೆ ಬಿಡಲಾಗಿದೆ.

ಕಂಬಕಲ್ಲು ನೋಡಲು ಕನ್ನಡಿಗರು ಜಪಾನಿಗೇ ಹೋಗಬೇಕೆಂದಿಲ್ಲ. ಉಡುಪಿಯ ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪ, ಸ್ಥಳೀಯರ ತೋನ್ಸೆಪಾರ್, ಅಷ್ಟೇನೂ ದೂರವಿಲ್ಲ. ಅಲ್ಲಿನ ಕಂಬಗಳೂ ತಣಿದ ಲಾವಾದವೇ. ಆದರೆ ಅದು ಬಸಾಲ್ಟ್ ಅಲ್ಲ, ಸಿಲಿಕಾ ಹೆಚ್ಚಿರುವ ತಿಳಿಬಣ್ಣದ ಲಾವಾ. ಅದು ಹೊರಬಂದದ್ದು ಎಂಟೊಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ.

ಅಪ್ಪಟ ಬಸಾಲ್ಟ್ ಬೇಕೆಂದರೆ ಉತ್ತರ ಕರ್ನಾಟಕಕ್ಕೆ ಬರಬೇಕು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ಗಳ ನೆಲದಡಿ ಇರುವುದು ದಖ್ಖನ್ ಲಾವಾದ ದಕ್ಷಿಣದ ಅಂಚು, ಎರೆಮಣ್ಣು ಹುಟ್ಟಿದ್ದೂ ಆ ಕಲ್ಲು ಸವೆದು ಪುಡಿಯಾಗಿಯೇ. ಮತ್ಸುಯಾಮಾ ಗೆಂಬುದೊದಲ್ಲಿ ಮಾಡಿದಂಥ ಕೆಲಸವನ್ನು 1950ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡವೊಂದು ದಖ್ಖನ್ ಲಾವಾದ ಮೇಲೆ ಮಾಡಿತು. ದಿಕ್ಸೂಚಿ ಎತ್ತ ತಿರುಗಿದೆ ಎನ್ನುವುದರ ಜೊತೆಗೆ ಎಷ್ಟು ಬಾಗಿದೆ ಎಂಬುದನ್ನೂ ಅವರು ನೋಡಿದರು, ಏಕೆಂದರೆ ಕಾಂತದ ಮುಳ್ಳು ಬಾಗುವ ಕೋನ ಭೂಮಧ್ಯರೇಖೆಯಿಂದ ಇರುವ ದೂರಕ್ಕೆ ತಕ್ಕಂತೆ ಬದಲಾಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಆ ಲಾವಾದ ಬಹುಭಾಗ ಹರಿದದ್ದು ಭೂಮಿಯ ಕ್ಷೇತ್ರ ಉಲ್ಟಾ ಇದ್ದ ಇನ್ನೊಂದು ಕಾಲದಲ್ಲಿ. ಅದರ ಬಾಗಿನಿಂದ ಲೆಕ್ಕ ಹಾಕಿದರೆ ಸಿಗುವ ಜಾಗ ಇಂದಿನ ದಖ್ಖನ್ ಅಲ್ಲ, ಭೂಮಧ್ಯರೇಖೆಯಿಂದ ಬಹಳ ಕೆಳಗೆ, ದಕ್ಷಿಣ ಗೋಳಾರ್ಧದ ಕಡಲ ನಡುವೆ.